ಎತ್ತಿದ ಕೈ

ಸಿಡ್ನಿಯಲ್ಲಿ ಒಲಿಂಪಿಕ್ಸ್ ಮುಗಿದ ಮರುವರ್ಷ ನಾವು ಅಲ್ಲಿಯ ಹ್ಯಾರಿಸ್ ಪಾರ್ಕ್ ಬಡಾವಣೆಯ ಬಾಡಿಗೆ ಯೂನಿಟ್ ಖಾಲಿ ಮಾಡಿದೆವು. ನನ್ನ ಗಂಡ ಬಟ್ಟೆಗೆ ಬಣ್ಣ ಹಾಕುವ ವಿದ್ಯೆಯಲ್ಲಿ ಡಿಪ್ಲೊಮಾ ಮಾಡಿದವರು. ಸಿಡ್ನಿಯಲ್ಲಿ ಎರಡು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತ ಮೇಲೆ ಅವರಿಗೆ ಕೊನೆಗೂ ತಮ್ಮ ಕಸುಬಿನ ಕೆಲಸ ಸಿಕ್ಕಿತ್ತು. ಮೆಲ್ಬರ್ನ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಸಣ್ಣ ನಗರವೊಂದರ ಉಣ್ಣೆ ಗಿರಣಿ ಅದು. "ಇನ್ನ ಮ್ಯಾಲೆ ಕೈಗೆ ಬಣ್ಣ ಹತ್ತಿದ್ರೂ ಚಿಂತಿಲ್ಲ, ಬೆನ್ನು ನೋಯೂದಿಲ್ಲ" ಎಂದು ನಕ್ಕಿದ್ದರು. ಮಗಳಿಗೆ ಆಗ ಎಂಟು ವರ್ಷ.

ಹ್ಯಾರಿಸ್ ಪಾರ್ಕಿನಲ್ಲಿ ಮೆಟ್ಟಿಲಿಳಿದರೆ ಜೋಳದ ಹಿಟ್ಟು ಸಿಗುತ್ತಿತ್ತು, ಎದುರು ಮನೆಯ ಮಂಗಳೂರು ಆಂಟಿ ಮಾತಿಗೆ ಸಿಗುತ್ತಿದ್ದರು. ಈ ಊರಿನಲ್ಲಿ ನಮ್ಮವರು ಅನ್ನುವವರು ಒಬ್ಬರೂ ಇರಲಿಲ್ಲ. ಮಗಳು ತರಗತಿಯಲ್ಲಿ ಬಾಯಿಯನ್ನೇ ಬಿಡುತ್ತಿಲ್ಲ ಎಂದು ಟೀಚರು ನನ್ನನ್ನು ಕರೆಸಿ ಹೇಳಿದರು. ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದರು. ಮನೆಯಲ್ಲಿ ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳು ಉತ್ತರ ಕೊಡುತ್ತಿದ್ದುದೇ ಇಂಗ್ಲಿಷಿನಲ್ಲಿ. ಶಾಲೆಗೆ ಹೋದರೆ ಮಾತ್ರ ಎರಡೂ ಭಾಷೆ ಮರೆತವಳಂತೆ ಕೂರುತ್ತಿದ್ದಳು. ನಾನೂ ಮನೆಯಲ್ಲಿ ಹಾಗೇ ಕೂತಿರುತ್ತಿದ್ದೆ.

ಆರು ತಿಂಗಳು ಕಳೆದ ಮೇಲೆ ಗಿರಣಿಯ ಮೆಂಡಿಂಗ್ ರೂಮಿನಲ್ಲಿ ಕೆಲಸ ಖಾಲಿ ಇದೆ ಎಂದು ಗಂಡ ಸುದ್ದಿ ತಂದರು. ಮಗ್ಗದಿಂದ ಇಳಿದ ಬಟ್ಟೆಯಲ್ಲಿ ಎಲ್ಲೋ ಒಂದು ಎಳೆ ಹರಿದಿರುತ್ತದೆ, ಎಲ್ಲೋ ಗಂಟು ಕೂತಿರುತ್ತದೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಇಳಿಜಾರು ಮೇಜಿನ ಮೇಲೆ ಹರಡಿ, ಬೆರಳಲ್ಲಿ ತಡವಿ ತಪ್ಪು ಹುಡುಕಿ, ತಪ್ಪಿಹೋದ ಎಳೆಯನ್ನು ಸೂಜಿಯಿಂದ ಮತ್ತೆ ನೇಯಬೇಕು. ಅದೇ ಆ ಕೋಣೆಯ ಕೆಲಸ. ಅದರ ಮೇಲ್ವಿಚಾರಣೆ ನೋಡುತ್ತಿದ್ದ ಹೆಂಗಸಿಗೆ ಅರವತ್ತರ ಹತ್ತಿರ ವಯಸ್ಸು. ಎತ್ತರದ ಆಳು, ಕತ್ತರಿಸಿದ ಬಿಳಿ ಕೂದಲು, ಕೊರಳಲ್ಲಿ ದಾರ ಕಟ್ಟಿದ ಸಣ್ಣ ಕತ್ತರಿ. ನನ್ನ ಅರ್ಜಿಯನ್ನು ಅವರು ಓದಲೇ ಇಲ್ಲ. ಕಡಿದ ಎರಡು ಎಳೆ ಕೈಗಿತ್ತು, "ಕಟ್ಟು ನೋಡೋಣ, ಲವ್" ಎಂದರು. ಅಲ್ಲಿಯ ಹಿರಿಯರು ಯಾರನ್ನಾದರೂ ಹಾಗೇ ಕರೆಯುವುದು.

ನಾನು ಬೆಟಗೇರಿಯ ನೇಕಾರರ ಮನೆಯವಳು. ಅಪ್ಪ ಮಗ್ಗದ ಮೇಲೆ ಕೂತಿದ್ದಾಗ ಹರಿದ ಎಳೆ ಕಟ್ಟುವುದು ನಮ್ಮ ಕೆಲಸ. ಅಕ್ಷರ ಕಲಿಯುವ ಮೊದಲೇ ಆ ಗಂಟು ಕಲಿತಿದ್ದೆ. ಬೆರಳುಗಳು ನನ್ನನ್ನು ಕೇಳದೆ ಕಟ್ಟಿ ಮುಗಿಸಿದವು. ಅವರು ಗಂಟನ್ನು ಉಗುರಿನಿಂದ ಸವರಿ ನೋಡಿ ಉಳಿದ ಹೆಂಗಸರನ್ನು ಕರೆದರು. "ಇಲ್ಲಿ ಬನ್ನಿ. ಇದು ನಮ್ಮದೇ ಗಂಟು. ಇಂಡಿಯಾದಿಂದ ಬಂದಿದೆ." ಅವರೆಲ್ಲ ನನ್ನ ಕೈ ಹಿಡಿದು ನೋಡಿದರು. ಈ ದೇಶಕ್ಕೆ ಬಂದ ಮೇಲೆ ನನಗೆ ಏನೋ ಒಂದು ಬರುತ್ತದೆ ಎಂದು ಯಾರಾದರೂ ಒಪ್ಪಿಕೊಂಡದ್ದು ಅದೇ ಮೊದಲು.

ಗಿರಣಿಯಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ತಾಯಿಯ ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಮಗಳಿಗೆ ಅಜ್ಜಿ ಎಂದು ಕಲಿಸಿದೆ, ನಾನೂ ಅದನ್ನೇ ಹಿಡಿದೆ. ಅವರ ಬಾಯಲ್ಲಿ ಅದು 'ಆಜಿ' ಆಗುತ್ತಿತ್ತು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೂ ಈಗ ನೆನೆದರೆ ನನಗೆ ಅವರ ಮಾತು ಕನ್ನಡದಲ್ಲೇ ಕೇಳಿಸುತ್ತದೆ.

ಬೇಸ್‌ಬಾಲ್ ನಮ್ಮ ಬದುಕಿಗೆ ಬಂದದ್ದು ಅಜ್ಜಿಯಿಂದ. ದೇಶಕ್ಕೆ ದೇಶವೇ ಕ್ರಿಕೆಟ್ಟಿನ ಹಿಂದೆ ಬಿದ್ದಿದ್ದರೂ ಈ ಊರಿನ ಗಿರಣಿಯವರಿಗೆ ಬೇಸ್‌ಬಾಲ್ ತಂಡವಿತ್ತು. ಏಕೆ ಎಂದು ಒಮ್ಮೆ ಕೇಳಿದೆ. "ನಮ್ಮಪ್ಪನ ಕಾಲದಲ್ಲಿ ಶನಿವಾರ ಮಧ್ಯಾಹ್ನದವರೆಗೆ ಗಿರಣಿ ನಡೆಯುತ್ತಿತ್ತು" ಎಂದರು ಅಜ್ಜಿ. "ಕ್ರಿಕೆಟ್ಟಿಗೆ ಇಡೀ ದಿನ ಬೇಕು. ಅದು ಆಫೀಸಿನವರ ಆಟ. ಮಗ್ಗ ನಿಲ್ಲಿಸಿ ಬಂದು ಹೊತ್ತು ಮುಳುಗುವುದರೊಳಗೆ ಆಡಿ ಮುಗಿಸುವ ಆಟ ಇದೊಂದೇ." ತಂಡದ ಹೆಸರು ಶಟಲ್ಸ್. ಹೆಸರು ಕೇಳಿ ನನ್ನ ಗಂಡ, "ಇದೇನು, ಬೇಸ್‌ಬಾಲಿಗೆ ಬ್ಯಾಡ್ಮಿಂಟನ್ನಿನ ಹೆಸರು ಇಟ್ಟಾರಲ್ಲ" ಎಂದರು. ಅದು ಮಗ್ಗದ ಲಾಳಿ. ಹಾಸಿನ ಎಳೆಗಳ ನಡುವೆ ಆಚೆಯಿಂದೀಚೆಗೆ ಓಡುವ ಲಾಳಿ. ನಮ್ಮ ಮನೆಯಲ್ಲಿ ನಾವು ಲಾಳಿ ತಂಡ ಎಂದೇ ಕರೆದೆವು.

ತಂಡದ ಅಂಗಿ ಗಿರಣಿಯ ಉಣ್ಣೆಬಟ್ಟೆಯದು. ಕಂಬಳಿಗೆ ಹಾಕುತ್ತಿದ್ದ ಕಡುಗೆಂಪು ಬಣ್ಣವನ್ನೇ ಅದಕ್ಕೂ ಹಾಕುತ್ತಿದ್ದರು. ಆ ಬಣ್ಣ ಕುದಿಸುವವರು ಈಗ ನನ್ನ ಗಂಡ. ಎದೆಯ ಮೇಲೆ ಬಿಳಿ ನೂಲಿನ ಲಾಳಿ, ಬೆನ್ನಿನ ಮೇಲೆ ಸಂಖ್ಯೆ. ಎರಡನ್ನೂ ಮೆಂಡಿಂಗ್ ರೂಮಿನ ಹೆಂಗಸರು ಊಟದ ಬಿಡುವಿನಲ್ಲಿ ಹೊಲಿಯುತ್ತಿದ್ದರು. ಹರಿದ ಅಂಗಿಯನ್ನು ಎಸೆಯುವ ಪದ್ಧತಿಯೇ ಇರಲಿಲ್ಲ. ಎಳೆ ಸೇರಿಸಿ ತಿದ್ದಿ, ಚಿಕ್ಕವರಿಗೆ ಬೇಕಾದರೆ ಕತ್ತರಿಸಿ ಸಣ್ಣದು ಮಾಡಿ ಮುಂದಿನವರಿಗೆ ಕೊಡುವುದು. "ಈ ಮೊಣಕೈ ಹರಿದದ್ದು ಇಂಥವನು ನೆಲಕ್ಕೆ ಬಿದ್ದು ಜಾರಿದಾಗ" ಎಂದು ಅಜ್ಜಿ ಒಂದೊಂದು ಅಂಗಿಯ ಚರಿತ್ರೆ ಹೇಳುತ್ತಿದ್ದರು.

ಒಂದು ಶನಿವಾರ ಅಜ್ಜಿ ಮನೆಗೆ ಬಂದು ಮಗಳನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ಮಾತಾಡಿಸುವ ಗೋಜಿಗೇ ಹೋಗಲಿಲ್ಲ. ಇಪ್ಪತ್ತು ಹೆಜ್ಜೆ ದೂರ ನಿಂತು ಚೆಂಡು ಎಸೆದರು. ಅವಳು ತಿರುಗಿ ಎಸೆದಳು. ಗಂಟೆಗಟ್ಟಲೆ ಅದೇ. ವಾರಗಟ್ಟಲೆ ಅದೇ. ಮೂರನೆಯ ತಿಂಗಳಲ್ಲಿ ಮಕ್ಕಳ ತಂಡದಲ್ಲಿ ಅವಳನ್ನು ನಡುವೆ ನಿಲ್ಲಿಸಿ ಚೆಂಡು ಎಸೆಯಲು ಹೇಳಿದರು. ಆ ವಯಸ್ಸಿನಲ್ಲಿ ಹುಡುಗರು ಹುಡುಗಿಯರು ಕೂಡಿಯೇ ಆಡುತ್ತಿದ್ದರು. ಒಬ್ಬ ದಪ್ಪನೆಯ ಹುಡುಗ ಬ್ಯಾಟು ಬೀಸಿ ಮೂರು ಸಲವೂ ತಪ್ಪಿ ಔಟಾದಾಗ ನನ್ನ ಮಗಳು ಗಂಟಲು ಹರಿಯುವಂತೆ ಕೂಗಿದಳು. ಏನು ಕೂಗಿದಳೋ ತಿಳಿಯಲಿಲ್ಲ. ಅವಳ ದನಿ ಅಷ್ಟು ದೊಡ್ಡದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಬೇಲಿ ಹಿಡಿದುಕೊಂಡು ಅತ್ತೆ. ಅಜ್ಜಿ ಸ್ಕೋರು ಬರೆಯುವ ಪುಸ್ತಕದಿಂದ ತಲೆ ಎತ್ತದೆ, "ಅಳು ಅಳು, ನಾನು ನೋಡ್ತಾ ಇಲ್ಲ" ಎಂದರು.

ಆ ವರ್ಷ ಮಗಳಿಗೆ ಕೊಟ್ಟ ಅಂಗಿ ಅಜ್ಜಿಯ ಗಂಡನದು. ಅವರು ಗಿರಣಿಯಲ್ಲಿ ಮಗ್ಗ ಸರಿಪಡಿಸುತ್ತಿದ್ದವರು, ಬ್ಯಾಟು ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವ, ತಂಡದ ಕ್ಯಾಚರ್ ಆಗಿದ್ದವರು. ನಾವು ಬರುವ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅಂಗಿಯನ್ನು ಅಜ್ಜಿ ನನ್ನೆದುರಿಗೇ ಕತ್ತರಿಸಿದರು. ಕತ್ತರಿ ಒಮ್ಮೆಯೂ ತಡೆಯಲಿಲ್ಲ. ಹೊಲಿಯುವಾಗ ಮಾತ್ರ ದಾರ ಪೋಣಿಸಲು ಸೂಜಿಯನ್ನು ನನ್ನ ಕೈಗೆ ಕೊಟ್ಟರು.

ಐದು ವರ್ಷ ಹೀಗೆ ನಡೆಯಿತು. ಶನಿವಾರ ಮೈದಾನ, ಆಟ ಮುಗಿದ ಮೇಲೆ ಅಜ್ಜಿಯ ಅಡುಗೆಮನೆಯಲ್ಲಿ ಟೀ. ನಾನು ಶೇಂಗಾ ಹೋಳಿಗೆ ಮಾಡಿ ಒಯ್ಯುತ್ತಿದ್ದೆ. ಹೋಳಿಗೆ ಅನ್ನಲು ಅವರಿಗೆ ಬರುತ್ತಿರಲಿಲ್ಲ. ತಿನ್ನಲು ಚೆನ್ನಾಗಿ ಬರುತ್ತಿತ್ತು. ನನ್ನವ್ವ ಬೆಟಗೇರಿಯಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ನಾನು ಗಂಡನಿಗೆ ಹೇಳುವ ಮೊದಲು ಅಜ್ಜಿಗೆ ಹೇಳಿದೆ. ಅವರು ಮೆಂಡಿಂಗ್ ರೂಮಿನ ಬಾಗಿಲು ಹಾಕಿ, ನನ್ನ ಮೇಜಿನ ಬಟ್ಟೆಯನ್ನು ತಮ್ಮ ಮೇಜಿಗೆ ಎಳೆದುಕೊಂಡು, ಸಂಜೆಯವರೆಗೆ ನನ್ನ ಕೆಲಸ ತಾವೇ ಮಾಡಿದರು. ನಾನು ಪಕ್ಕದಲ್ಲಿ ಕೂತಿದ್ದೆ.

ಆಮೇಲೆ ಗಿರಣಿ ಮುಚ್ಚಿತು. ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ಹೊರದೇಶದ ಬಟ್ಟೆಯ ಮುಂದೆ ನಮ್ಮದು ನಡೆಯುವುದಿಲ್ಲವಂತೆ. ಮಗ್ಗಗಳನ್ನು ಬಿಚ್ಚಿ ಲಾರಿಗೆ ಏರಿಸುವಾಗ ಅಜ್ಜಿ ಗೇಟಿನ ಹತ್ತಿರ ನಿಂತು ಒಂದೊಂದನ್ನೂ ನೋಡಿದರು. ಗಂಡನಿಗೆ ಮೆಲ್ಬರ್ನಿನಲ್ಲಿ, ಬಾಕ್ಸ್ ಹಿಲ್ ಕಡೆಯ ಪೇಂಟ್ ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಐದೂವರೆಗೆ ಹೊರಟು ಸಂಜೆ ಏಳೂವರೆಗೆ ಬರುತ್ತಿದ್ದರು. "ಬಾಕ್ಸ್ ಹಿಲ್ಲಿಗೇ ಹೋಗಿಬಿಡೂಣು" ಎನ್ನುತ್ತಿದ್ದರು. ಮಗಳ ಆಟ ಇದೆ, ಅಜ್ಜಿ ಇದ್ದಾರೆ ಎಂದು ನಾನು ದಿನ ದೂಡುತ್ತಿದ್ದೆ.

ಗಿರಣಿ ಹೋದ ಮೇಲೆ ಕೆಲಸ ಹುಡುಕಿಕೊಂಡು ಕುಟುಂಬಗಳು ಊರು ಬಿಟ್ಟವು. ದೊಡ್ಡವರ ತಂಡಕ್ಕೆ ಒಂಬತ್ತು ಜನ ಕೂಡಿಸುವುದೇ ಕಷ್ಟವಾಯಿತು. ಆಗ ಮೆಲ್ಬರ್ನಿನ ಒಂದು ದೊಡ್ಡ ಕ್ಲಬ್ಬಿನವರು ಬಂದರು. ನಮ್ಮ ಕ್ಲಬ್ಬನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತೇವೆ ಎಂದರು. ಹೆಸರು ಅವರದು, ಅಂಗಿ ಅವರದು, ನೀಲಿ ಪಾಲಿಯೆಸ್ಟರ್. ನಮ್ಮ ಮಕ್ಕಳಿಗೆ ಅವರ ತಂಡಗಳಲ್ಲಿ ಜಾಗ. ಅವರಲ್ಲಿ ಹೆಂಗಸರ ತಂಡವೂ ಇತ್ತು. ಮಗಳಿಗೆ ಹದಿನಾಲ್ಕು ತುಂಬಿತ್ತು. ಇನ್ನೊಂದು ವರ್ಷ ಕಳೆದರೆ ಹುಡುಗರ ಜೊತೆ ಆಡಲು ಬಿಡುವುದಿಲ್ಲ, ನಮ್ಮೂರಿನಲ್ಲಿ ಹುಡುಗಿಯರ ತಂಡ ಕಟ್ಟುವಷ್ಟು ಹುಡುಗಿಯರಿಲ್ಲ. ಅವಳು ಇದನ್ನೆಲ್ಲ ನನಗೆ ಹೇಳಿರಲಿಲ್ಲ. ಮೆಲ್ಬರ್ನಿನ ಕೋಚು ಅವಳ ಎಸೆತ ನೋಡಿ ಹೊಗಳಿದ ದಿನ ಮನೆಯಲ್ಲಿ ಎರಡು ಗಂಟೆ ಹಾಡು ಗುನುಗುತ್ತ ಓಡಾಡಿದಳು. ನಾನು ಅದನ್ನು ಗಮನಿಸಿದೆ.

ಅಜ್ಜಿ ಬೇಡ ಎಂದರು. "ಹತ್ತು ಜನ ಉಳಿದರೂ ಲಾಳಿ ಲಾಳಿಯೇ. ಗಿರಣಿ ಹೋಯಿತು. ಇದೊಂದನ್ನಾದರೂ ನಾವೇ ಕೈಯಾರೆ ಕೊಡೋದು ಬೇಡ." ಮನೆಮನೆಗೆ ಹೋಗಿ ಹೇಳಿದರು. ಮತಕ್ಕೆ ಹಾಕುವ ಸಭೆಗೆ ಅವರನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮಗಳು ಹಿಂದಿನ ಸೀಟಿನಲ್ಲಿದ್ದಳು.

"ಹೆಚ್ಚು ಕಡಿಮೆ ಸರಿಸಮ ಇದೆ" ಎಂದರು ಅಜ್ಜಿ. "ನೀನು ನನ್ನ ಕಡೆ ಇದ್ದೀಯಲ್ಲ?"

"ಇದೇನು ಕೇಳೋದು? ನಿಮ್ಮ ಕಡೆಯೇ" ಎಂದೆ. ಹೇಳಿದಾಗ ಅದು ಸುಳ್ಳಾಗಿರಲಿಲ್ಲ.

ಕ್ಲಬ್ಬಿನ ಕೋಣೆಯಲ್ಲಿ ಸದಸ್ಯರು ಇಪ್ಪತ್ತೇಳು ಜನ. ಮಕ್ಕಳೆಲ್ಲ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ನಾನು ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ಸೇರುವುದು ಬೇಡ ಎನ್ನುವವರು ಮೊದಲು ಕೈ ಎತ್ತಿ ಎಂದರು ಅಧ್ಯಕ್ಷರು. ಅಜ್ಜಿಯ ಕೈ ಮೇಲೆ ಹೋಯಿತು. ನಾನು ಆಗ ಹಿಂದೆ ತಿರುಗಿ ನೋಡಬಾರದಿತ್ತು. ತಿರುಗಿದೆ. ಮಗಳು ನನ್ನನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಎಂಟನೆಯ ವಯಸ್ಸಿನಲ್ಲಿ ಶಾಲೆಯ ಗೇಟಿನಿಂದ ಹೀಗೇ ನೋಡುತ್ತಿದ್ದಳು. ಅವಳನ್ನು ಮತ್ತೆ ಆ ಮೌನಕ್ಕೆ ತಳ್ಳಬೇಕೇ ಎನ್ನಿಸಿತು. ನನ್ನ ಕೈ ತೊಡೆಯ ಮೇಲೇ ಉಳಿಯಿತು.

"ಹದಿಮೂರು" ಎಂದರು ಅಧ್ಯಕ್ಷರು.

ಅಜ್ಜಿ ತಮ್ಮ ಕೈ ಇಳಿಸಲು ಮರೆತು ನನ್ನ ಕಡೆ ತಿರುಗಿದರು. ನನಗೆ ಕೇಳಿಸಲಿಲ್ಲವೇನೋ ಎಂದುಕೊಂಡಿರಬೇಕು. "ಲವ್, ಈಗ" ಎಂದು ಪಿಸುಗುಟ್ಟಿದರು.

ಸೇರುವುದು ಸರಿ ಎನ್ನುವವರು ಕೈ ಎತ್ತಿ ಎಂದರು. ನಾನು ಎತ್ತಿದೆ. ಎಣಿಸಿದರು. ಹದಿನಾಲ್ಕು.

ಅಜ್ಜಿ ನನ್ನ ಮುಖ ನೋಡಲಿಲ್ಲ, ನನ್ನ ಕೈಯನ್ನು ನೋಡಿದರು. ಆಮೇಲೆ ಚೀಲ ತೆಗೆದುಕೊಂಡು, ಸ್ಕೋರು ಪುಸ್ತಕವನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು ಹೊರಗೆ ಹೋದರು. ನಾನು ಕಾರು ತೆಗೆದು ಹಿಂದೆ ಹೋದೆ. ಅವರು ರಸ್ತೆಯ ಅಂಚಿನಲ್ಲಿ ಗಾಳಿಗೆ ತಲೆ ಬಗ್ಗಿಸಿ ನಡೆಯುತ್ತಿದ್ದರು. ಕಿಟಕಿ ಇಳಿಸಿ, "ಬನ್ನಿ ಅಜ್ಜಿ, ಮನೆಗೆ ಬಿಡ್ತೀನಿ" ಎಂದೆ.

ಅವರು ನಿಂತರು. "ಸೋತದ್ದಕ್ಕೆ ನನಗೆ ಬೇಜಾರಿಲ್ಲ" ಎಂದರು. "ಬರುವಾಗಲೇ ಹೇಳಿದ್ದರೆ ಆಗುತ್ತಿತ್ತು. ಪಕ್ಕದಲ್ಲಿ ಕೂತು ಎತ್ತಿದೆಯಲ್ಲ." ಮತ್ತೆ ನಡೆದರು. ಮಗಳು ಹಿಂದಿನ ಸೀಟಿನಲ್ಲಿ ಮುಖವನ್ನು ಆ ಕಡೆಯ ಕಿಟಕಿಗೆ ತಿರುಗಿಸಿಕೊಂಡಿದ್ದಳು.

ಮರುದಿನ ಅಜ್ಜಿಯ ಮನೆಗೆ ಹೋದೆ. ಬಾಗಿಲು ತೆರೆಯಲಿಲ್ಲ. ಮೂರನೆಯ ಸಲವೂ ತೆರೆಯದೆ ಇದ್ದಾಗ ಹೋಗುವುದನ್ನು ಬಿಟ್ಟೆ. ಬಿಡಬಾರದಿತ್ತು. ಕ್ಲಬ್ಬಿನ ಕಪಾಟಿನಲ್ಲಿ ಉಳಿದಿದ್ದ ಹಳೆಯ ಅಂಗಿಗಳನ್ನು ಅಜ್ಜಿ ಒಯ್ದು, ಒಂದೊಂದನ್ನೂ ಒಗೆದು ಇಸ್ತ್ರಿ ಮಾಡಿ, ಅದನ್ನು ಹಾಕಿಕೊಂಡಿದ್ದವರ ಮನೆಗೆ ಹೋಗಿ ಕೊಟ್ಟು ಬಂದರಂತೆ. ನಮ್ಮ ಬೀದಿಯಲ್ಲಿ ಮೂರು ಮನೆಗೆ ಬಂದಿದ್ದರು. ನಾನು ಕಿಟಕಿಯಿಂದ ನೋಡಿದೆ. ನಮ್ಮ ಮನೆ ದಾಟಿ ಹೋದರು. ಅವರ ಗಂಡನ ಅಂಗಿ ನಮ್ಮಲ್ಲೇ ಇತ್ತು. ಅದನ್ನು ತಿರುಗಿ ಕೊಡು ಎಂದು ಕೇಳಲೂ ಇಲ್ಲ. ಒಂದು ತಿಂಗಳಿಗೆ ಮನೆ ಮಾರಿ, ಸಿಡ್ನಿಯಲ್ಲಿದ್ದ ತಂಗಿಯ ಹತ್ತಿರ ಹೋದರೆಂದು ಅಂಗಡಿಯಲ್ಲಿ ಯಾರೋ ಹೇಳಿದರು.

ನಾವೂ ಬಾಕ್ಸ್ ಹಿಲ್ಲಿಗೆ ಹೋದೆವು. ಮಗಳು ನೀಲಿ ಅಂಗಿ ಹಾಕಿಕೊಂಡು ಒಂದು ಸೀಸನ್ ಆಡಿದಳು. ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಅಲ್ಲಿ ಅವಳಿಗಿಂತ ಚೆನ್ನಾಗಿ ಎಸೆಯುವವರು ನಾಲ್ಕು ಜನರಿದ್ದರು. ಮರುವರ್ಷ ಕೈಗವಸನ್ನು ಗ್ಯಾರೇಜಿನಲ್ಲಿಟ್ಟು, ಇನ್ನು ಹೋಗುವುದಿಲ್ಲ ಎಂದಳು. ನನಗೆ ಸಿಟ್ಟು ಬಂತು. "ನಿನ್ನ ಸಲುವಾಗಿ ನಾನು ಅಜ್ಜೀನ್ನ ಕಳಕೊಂಡೆ" ಎಂದುಬಿಟ್ಟೆ.

"ಐ ನೆವರ್ ಆಸ್ಕ್ಡ್ ಯು ಟು, ಮಮ್" ಎಂದಳು.

"ಆ ದಿನ ಹಂಗ್ಯಾಕ ನೋಡ್ತಿದ್ದೀ ಮತ್ತ?"

"ನೀನು ಕೈ ಎತ್ತಿರಲಿಲ್ಲ. ಅಜ್ಜಿ ಪಕ್ಕದಲ್ಲೇ ಕೂತು ಎತ್ತಿರಲಿಲ್ಲ. ನನಗೆ ಹೆದರಿಕೆ ಆಯ್ತು" ಎಂದಳು, ಇಂಗ್ಲಿಷಿನಲ್ಲೇ. "ಎತ್ತು, ಎತ್ತು ಅಂತ ಮನಸ್ಸಲ್ಲೇ ಹೇಳ್ತಾ ಇದ್ದೆ."

ನಾನು ಸಾರು ಇಟ್ಟಿದ್ದ ಒಲೆ ಆರಿಸಿ ಅಲ್ಲೇ ನೆಲಕ್ಕೆ ಕೂತೆ.

ಅಜ್ಜಿಯ ತಂಗಿಯ ಫೋನ್ ನಂಬರನ್ನು ಹಳೆಯ ಕ್ಲಬ್ಬಿನವರಿಂದ ಪಡೆದು, ಮೂರು ವಾರ ಧೈರ್ಯ ಕೂಡಿಸಿಕೊಂಡು ಫೋನ್ ಮಾಡಿದೆ. ಬರಬಹುದಂತೆ ಎಂದರು ತಂಗಿ. ಸಿಡ್ನಿಗೆ ಒಬ್ಬಳೇ ಹೋದೆ. ಅವರ ಯೂನಿಟ್ ಚಾಟ್ಸ್‌ವುಡ್ ಸ್ಟೇಷನ್ನಿನಿಂದ ನಡೆಯುವಷ್ಟು ದೂರದಲ್ಲಿತ್ತು. ಬಾಗಿಲು ತೆರೆದವರು ಅಜ್ಜಿಯೇ. ಸೊರಗಿದ್ದರು. ಬೆರಳ ಗಂಟುಗಳು ಊದಿಕೊಂಡಿದ್ದವು. "ಬಾ, ಅಷ್ಟು ದೂರದಿಂದ ಬಂದಿದ್ದೀಯ" ಎಂದು ಒಳಗೆ ಕರೆದರು. ಒಳ್ಳೆಯ ಕಪ್ಪುಗಳನ್ನು, ತಟ್ಟೆ ಸಮೇತ, ಹೊರಗೆ ತೆಗೆದಿದ್ದರು. ಟೀ ಸುರಿಯುತ್ತ ಕೇಳಿದರು:

"ಹಾಲು ಹಾಕಲೇ? ಸಕ್ಕರೆ ಎಷ್ಟು?"

ಐದು ವರ್ಷ ಶನಿವಾರ ಶನಿವಾರ ಅವರೇ ಮಾಡಿಕೊಟ್ಟ ಟೀ ಕುಡಿದಿದ್ದೆ. ಅವರ ನೆನಪು ಚೆನ್ನಾಗಿಯೇ ಇತ್ತು. ಮಗಳು ಈಗ ಎಷ್ಟನೆಯ ತರಗತಿ, ಗಂಡನ ಮೊಣಕಾಲು ಹೇಗಿದೆ, ಎಲ್ಲ ಸರಿಯಾಗಿ ಕೇಳಿದರು. ಹಾಲು, ಎರಡು ಚಮಚ ಸಕ್ಕರೆ ಎಂದೆ. ಅಪರಿಚಿತರ ಮನೆಯಲ್ಲಿ ಹೇಳುವ ಹಾಗೆ.

ಕಪ್ಪು ಕೆಳಗಿಟ್ಟು ತಪ್ಪಾಯಿತು ಎಂದೆ. ಮಗಳ ಕಣ್ಣನ್ನು ನಾನು ತಪ್ಪಾಗಿ ಓದಿದ್ದನ್ನೂ ಹೇಳಿದೆ. ಅಳಬಾರದೆಂದು ರೈಲಿನುದ್ದಕ್ಕೂ ಅಂದುಕೊಂಡು ಬಂದವಳು ಅತ್ತೆ. ಅಜ್ಜಿ ಟಿಶ್ಯೂ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು.

"ಹುಡುಗಿ ಒಳ್ಳೆಯವಳು" ಎಂದರು. "ನೀನೂ ತಾಯಿ ಮಾಡೋದನ್ನೇ ಮಾಡಿದೆ. ನನಗೆ ಅದು ಗೊತ್ತಾಗುತ್ತದೆ. ಆದರೆ ಲವ್, ಗೊತ್ತಾಗೋದು ಬೇರೆ. ನನಗೆ ಯಾರೂ ಇರಲಿಲ್ಲ, ನೀವು ಇದ್ದಿರಿ. ಆ ದಿನ ನೀವೂ ಇರಲಿಲ್ಲ." ಟೀ ಕೆಟಲಿನ ಮುಚ್ಚಳ ಸರಿಮಾಡುತ್ತ, "ನಿನ್ನ ಮೇಲೆ ಸಿಟ್ಟಿಲ್ಲ. ಹಳೆಯ ಹಾಗೆ ಇರೋಕೆ ಮಾತ್ರ ನನಗೆ ಆಗೋದಿಲ್ಲ" ಎಂದರು.

ನಾನು ಅವರ ಗಂಡನ ಅಂಗಿಯನ್ನು ಮಡಿಸಿ ತಂದಿದ್ದೆ. ತೆಗೆದುಕೊಳ್ಳಲಿಲ್ಲ. "ಅವಳಿಗೆ ಕೊಟ್ಟದ್ದು, ಅವಳದೇ" ಎಂದರು. ಲಿಫ್ಟಿನವರೆಗೆ ಬಂದು ಕಳಿಸಿದರು. ಬಾಗಿಲು ಮುಚ್ಚುವಾಗ ಕೈ ಬೀಸಿದರು, ಮರ್ಯಾದೆಗೆ ಬೀಸುವ ಹಾಗೆ.

ಆಮೇಲೆ ಎರಡು ಕ್ರಿಸ್‌ಮಸ್‌ಗೆ ಕಾರ್ಡು ಕಳಿಸಿದೆ. ಎರಡಕ್ಕೂ ಉತ್ತರ ಬಂತು, ಅಚ್ಚಾದ ಶುಭಾಶಯದ ಕೆಳಗೆ ಅವರ ಸಹಿ, ಮತ್ತೇನೂ ಇಲ್ಲ. ಎರಡನೆಯ ಕಾರ್ಡಿನ ಮರುವರ್ಷ ಚಳಿಗಾಲದಲ್ಲಿ ಅಜ್ಜಿಯ ತಂಗಿ ಫೋನ್ ಮಾಡಿದರು. ಅಜ್ಜಿ ತೀರಿಕೊಂಡು ಹತ್ತು ದಿನವಾಗಿತ್ತು. ಕ್ರಿಯೆಗಳೆಲ್ಲ ಮುಗಿದಿದ್ದವು. ಮನೆಯವರಿಗಷ್ಟೇ ಹೇಳಬೇಕು ಎಂದಿದ್ದರಂತೆ. ವಿಳಾಸದ ಪುಸ್ತಕದಲ್ಲಿದ್ದ ಎಲ್ಲರಿಗೂ ಈಗ ವರಸೆಯಾಗಿ ತಿಳಿಸುತ್ತಿದ್ದೇನೆ ಎಂದರು. ನಾನು ಅಕ್ಷರಮಾಲೆಯ ಕ್ರಮದಲ್ಲಿ ಬಂದಿದ್ದೆ.

ಮಗಳು ಆಗ ಶಾಲೆಯ ಕೊನೆಯ ಪರೀಕ್ಷೆಗೆ ಓದುತ್ತಿದ್ದಳು. ಅವಳ ಕೋಣೆಗೆ ಹೋಗಿ ಹೇಳಿದೆ. ಪುಸ್ತಕ ಮುಚ್ಚಿ, ಮಂಚದ ಮೇಲೆ ನನಗೆ ಜಾಗ ಮಾಡಿಕೊಟ್ಟಳು. ಇಬ್ಬರೂ ಒತ್ತಿಕೊಂಡು ಕೂತೆವು. ಕೆಳಗೆ ರಸ್ತೆಯಲ್ಲಿ ಟ್ರಾಮು ತಿರುಗುವ ಸದ್ದು. ಎಂದೂ ಕನ್ನಡದಲ್ಲಿ ಬಾಯಿ ಬಿಚ್ಚಿ ಮಾತಾಡದವಳು ಅಕ್ಷರ ಅಕ್ಷರ ಹುಡುಕಿಕೊಂಡು ಕೇಳಿದಳು:

"ಅವ್ವಾ, ಅಜ್ಜಿ ಕೊನೀಗೆ ನಮ್ಮನ್ನ ಕೇಳಿದ್ರಂತಾ?"

ಹೌದು ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಹುಡುಗಿಗೆ ಅಷ್ಟು ಸಮಾಧಾನವಾದರೂ ಆಗುತ್ತಿತ್ತು. ಫೋನಿನಲ್ಲಿ ನಾನೂ ತಂಗಿಯನ್ನು ಅದನ್ನೇ ಕೇಳಿದ್ದೆ.

"ಇಲ್ಲವ್ವ" ಎಂದೆ. "ಕೇಳಲಿಲ್ಲಂತ."